ಒಳಮಡಿಚಿದ ಗಂಟು

"ಯಾರಮ್ಮಾ ಇಷ್ಟು ಬಿಗಿಯಾಗಿ ಕಟ್ಟಿದ್ದು?" ಪಶುವೈದ್ಯರು ನಾಯಿಯ ಮುಂಗಾಲನ್ನು ಹಿಡಿದುಕೊಂಡು, ಬಾಗಿಲಾಚೆ ಕಾಯುತ್ತಿದ್ದವರಿಗೂ ಕೇಳುವಂತೆ ಗದರಿದರು. ಬ್ಯಾಂಡೇಜಿನಿಂದ ಇಣುಕುತ್ತಿದ್ದ ಬೆರಳುಗಳು ಕಪ್ಪಾಗಿ, ತಣ್ಣಗಾಗಿ, ನಾರುತ್ತಿದ್ದವು. ಸೂಜಿ ಚುಚ್ಚಿದರೂ ನಾಯಿ ಕಾಲೆಳೆದುಕೊಳ್ಳಲಿಲ್ಲ. "ರಕ್ತ ಓಡದಿದ್ರೆ ಮಾಂಸ ಸಾಯುತ್ತೆ. ಈ ಪಾದ ಸತ್ತಿದೆ, ಇನ್ನು ತೆಗೀಲೇಬೇಕು. ಕಟ್ಟಿದವರಿಗೆ ಬುದ್ಧಿ ಬೇಡವಾ?"

ನಾಯಿಯನ್ನು ಕರೆತಂದಿದ್ದ, ಬಟ್ಟೆ ಹೊಲಿದು ಬದುಕುವ ಹೆಂಗಸು ಅದರ ತಲೆ ನೇವರಿಸುತ್ತ ನಿಂತಿದ್ದಳು.

ಕತ್ತರಿ ತೂರಿಸಲು ವೈದ್ಯರು ಕಾಲನ್ನು ಹೊರಳಿಸಿದರು. ಗಂಟು ಕಂಡಿತು. ನಾಯಿ ಕಚ್ಚಿ ಎಳೆಯದಂತೆ ತುದಿಯನ್ನು ಒಳಕ್ಕೆ ಮಡಿಚಿದ ಗಂಟು. ಹಾಗೆ ಮಡಿಚುವವರು ಊರಿಗೆಲ್ಲ ಈ ವೈದ್ಯರೊಬ್ಬರೇ. "ನನ್ನ ಗಂಟು ನಾಯಿಗಿರಲಿ, ಮನುಷ್ಯರಿಗೂ ಬಿಚ್ಚೋಕಾಗಲ್ಲ" ಎಂದು ಹೋದ ವಾರ ಇದೇ ಮೇಜಿನ ಬಳಿ ಜಂಬ ಕೊಚ್ಚಿದ್ದೂ ನೆನಪಾಯಿತು. ಅವರ ಮುಖ ಕಪ್ಪಿಟ್ಟಿತು. ಬಾಗಿಲಿಗೆ ಬೆನ್ನು ಮಾಡಿ, ಮೊದಲು ಗಂಟನ್ನೇ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದರು.

"ಸಡಿಲ ಮಾಡೋಣ ಅಂದ್ಕೊಂಡೆ ಡಾಕ್ಟ್ರೇ," ಅವಳು ಅವರೊಬ್ಬರಿಗೇ ಕೇಳುವಂತೆ ಮೆಲ್ಲಗೆ ಹೇಳಿದಳು. "ಆದ್ರೆ ಒಬ್ಬರು ಹಾಕಿದ ಗಂಟಿಗೆ ಇನ್ನೊಬ್ಬರು ಕತ್ತರಿ ಹಾಕಬಾರ್ದು ಅಂತಾರೆ ನಮ್ಮ ಕೆಲಸದಲ್ಲಿ. ಇದು ಒಂದೇ ಸಮ ಅಳ್ತಿತ್ತು. ತಿಳಿದವರು ಕಟ್ಟಿದ್ದಾರೆ, ಸುಮ್ನಿರು ಅಂತ ನಾನೇ ಬೈದೆ. ಆಮೇಲೆ ಅಳೋದು ನಿಲ್ಲಿಸ್ತು. ವಾಸಿಯಾಯ್ತು ಅಂದ್ಕೊಂಡೆ."