ಗವಿಸಿದ್ದ ಸೋತ ಕೀಲಿ

ನೀಲಗಂಗಮ್ಮನ ಬೀರುವಿನ ಮುಂದೆ ಗವಿಸಿದ್ದ ಮಂಡಿಯೂರಿ ಕೂತಾಗ ಓಣಿಯ ಹನ್ನೊಂದು ಮಂದಿ ಅವನ ಕೈಗಳನ್ನೇ ನೋಡುತ್ತ ನಿಂತಿದ್ದರು. ಕೀಲಿಕೈ ಸೊಸೆ ಅರ್ಚನಾಳ ಪರ್ಸಿನೊಳಗೆ ಹಡಗಲಿಗೆ ಹೋಗಿಬಿಟ್ಟಿತ್ತು. ಮಗ ಪ್ರವೀಣಕುಮಾರನ ಮಾರ್ಕ್ಸ್ ಕಾರ್ಡು ಒಳಗಿತ್ತು. ಅದನ್ನು ಹಿಡಿದು ಹತ್ತೂವರೆಯ ಬಸ್ಸಿಗೆ ಅವನು ಹೊಸಪೇಟೆಗೆ, ಸಂದರ್ಶನಕ್ಕೆ ಹೊರಡಬೇಕು. ಸೊಸೆ ತವರಿಂದ ತಂದ ಬೀರು, ಒಡೆಯುವಂತಿಲ್ಲ. ಕೀಲಿ ರಿಪೇರಿಯವನು ಊರಲ್ಲಿಲ್ಲದ ದಿನ ಕೊಟ್ಟೂರಿಗೆ ನೆನಪಾಗುವವನು ಒಬ್ಬನೇ: ಕಳ್ಳತನಕ್ಕೆ ಎರಡು ವರ್ಷ ಜೈಲಿನಲ್ಲಿದ್ದು ಬಂದು, ಈಗ ಮಿರ್ಚಿ ಗಾಡಿಯಲ್ಲಿ ದುಡಿಯುವ ಗವಿಸಿದ್ದ.

ನೋಡಿದ ಕೂಡಲೇ ಅವನಿಗೆ ಗೊತ್ತಾಗಿತ್ತು. ಒಂದು ಹೇರ್‌ಪಿನ್ನು, ಎರಡು ಉಸಿರು, ಮುಗಿಯಿತು. ಆದರೆ ನೀಲಗಂಗಮ್ಮನ ಹಿತ್ತಲ ಕೋಣೆ ಬಾಡಿಗೆಗಿತ್ತು, ಅದನ್ನು ಅವನು ಕೇಳಿಟ್ಟಿದ್ದ. "ಮನಿ ಅಂತ ಒಂದು ಮಾಡು, ಆಮ್ಯಾಲೆ ಬರ್ತೀನಿ" ಎಂದು ಹೆಂಡತಿ ತೆಲಿಗಿಯ ತವರಲ್ಲಿ ಕೂತಿದ್ದಳು. ಹೋದ ತಿಂಗಳು ಇನ್ನೊಂದು ಓಣಿಯಲ್ಲಿ ಹೀಗೇ ಕರೆದಾಗ ಚಿಟಿಕೆ ಹೊಡೆಯುವಷ್ಟರಲ್ಲಿ ತೆಗೆದುಕೊಟ್ಟಿದ್ದ. ಆ ಮನೆಯವರು ಚಹಾ ಕೊಡುವ ಬದಲು ಜೇಬು ತಡಕಿದ್ದರು. ಬಾಡಿಗೆಯ ಮಾತೆತ್ತಿದರೆ ಬಾಗಿಲು ಹಾಕಿಕೊಂಡಿದ್ದರು.

ಅದಕ್ಕೇ ಈ ಸಲ ನಿಧಾನ. ಪಿನ್ನನ್ನು ಉಲ್ಟಾ ತೂರಿಸಿದ. ಬಗ್ಗಿಸಿದ, ಮುರಿದ. ಬೆರಳು ಚುಚ್ಚಿಕೊಂಡು "ಯವ್ವಾ!" ಎಂದು ಚೀರಿದ.

"ಎಡಕ್ಕ ತಿರುವೋ," ಎಂದಳು ಎದುರುಮನೆಯ ಅಂಜಿನಕ್ಕ.

"ಯಾರ ಎಡಕ್ಕ ಬೇ ಯಕ್ಕ? ನನ್ನ ಎಡಕ್ಕೋ, ಬೀರೂನ ಎಡಕ್ಕೋ?"

ಓಣಿ ಗೊಳ್ಳೆಂದು ನಕ್ಕಿತು. "ಇವನ್ಯಾವ ಸೀಮಿ ಕಳ್ಳಲೇ!"

"ಪಾಪ, ಪೊಲೀಸರು ಯಾರ ಬದ್ಲಿಗೋ ಇವನ್ನ ಹಿಡಕೊಂಡು ಹೋಗ್ಯಾರ," ಎಂದು ಮರುಗಿದ ನೀಲಗಂಗಮ್ಮ ಚಹಾ ತಂದುಕೊಟ್ಟಳು. "ಹೇಣ್ತಿನ ಕರಕೊಂಡು ಬಾರಪ್ಪ. ಕೋಣಿ ನಿನಗ ಕೊಡ್ತೀನಿ."

ಸೋಲಿಗೆ ಇಷ್ಟು ರುಚಿಯಿರುತ್ತದೆಂದು ಗವಿಸಿದ್ದನಿಗೆ ಗೊತ್ತಿರಲಿಲ್ಲ. ಚಹಾ ಮುಗಿಸಿ, ಏನೋ ಅದೃಷ್ಟಕ್ಕೆ ತೆರೆದುಕೊಂಡಿತೆಂಬಂತೆ ತೆಗೆದರಾಯಿತು ಅಂದುಕೊಂಡ.

"ಬಸ್ಸು ಹೊಂಟು ಹೋಕ್ಕೈತಿ!" ಪ್ರವೀಣಕುಮಾರ ಅಳುವುದೊಂದು ಬಾಕಿ.

"ಸರಿ ಅತ್ತಾಗ," ಎಂದು ಮುಂದೆ ಬಂದವರು ನಿವೃತ್ತ ಹೆಡ್‌ಮೇಷ್ಟ್ರು ಗುರುಬಸವರಾಜ. ಅಂಜಿನಕ್ಕನ ತುರುಬಿನ ಪಿನ್ನು ಇಸಿದುಕೊಂಡು ಪಂಚೆಗೆ ಒರೆಸಿದರು. ಬೀರುವಿನ ಮೇಲೆ ಅಂಗೈಯಿಟ್ಟು ಕಿವಿ ಕೊಟ್ಟರು. ಮಣಿಕಟ್ಟು ಅರ್ಧ ಸುತ್ತು ತಿರುಗಿತು. ಕಟಕ್.

ಓಣಿ ಚಪ್ಪಾಳೆ ತಟ್ಟಿತು. "ಎಂಥಾ ಕೈರೀ ಮೇಷ್ಟ್ರ ನಿಮ್ಮದು! ಓದಿದವ್ರ ತಲೀನ ಬ್ಯಾರೆ ನೋಡ್ರಿ!" ಮೇಷ್ಟ್ರ ಜೇಬನ್ನು ಯಾರೂ ತಡಕಲಿಲ್ಲ.

ಗವಿಸಿದ್ದನೊಬ್ಬ ಚಪ್ಪಾಳೆ ತಟ್ಟಲಿಲ್ಲ. ಆ ಅರ್ಧ ಸುತ್ತು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಅದಕ್ಕೆ ಕಡಿಮೆಯೆಂದರೂ ಬೇರೆಯವರ ಐವತ್ತು ಬಾಗಿಲು ಬೇಕು. ಮೇಷ್ಟ್ರು ಅವನತ್ತ ಒಮ್ಮೆ ನೋಡಿ, ಕನ್ನಡಕ ಸರಿಮಾಡಿಕೊಂಡರು.

"ಮೇಷ್ಟ್ರ ಮನಿ ನಿನ್ನ ಕೋಣಿಗೆ ಹತ್ತಿಕೊಂಡೇ ಐತಿ," ನೀಲಗಂಗಮ್ಮ ಧೈರ್ಯ ಹೇಳಿದಳು. "ಏನೂ ಹೆದರಿಕಿಲ್ಲ."

ಸಂಜೆ ಗವಿಸಿದ್ದ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಇದ್ದುದರಲ್ಲೇ ದಪ್ಪನೆಯ ಬೀಗ ಕೇಳಿದ.

"ನಿನಗ್ಯಾಕಲೇ ಕೀಲಿ?" ಅಂಗಡಿಯ ಬೆನಕಪ್ಪ ಕಣ್ಣರಳಿಸಿದ.

"ಮರ್ಯಾದಸ್ಥರ ಓಣ್ಯಾಗ ಮನಿ ಮಾಡೀನ್ರಿ," ಎಂದ ಗವಿಸಿದ್ದ. "ಎರಡು ಕೊಡ್ರಿ."