ಬೇಡ ಅಲ್ವಾ, ಅಕ್ಕಾ?

ದಾವಣಗೆರೆಯಲ್ಲಿ ಒಂದು ಸ್ವೀಟ್ ಅಂಗಡಿ. ಮಾಲೀಕ ಕೊಟ್ರೇಶ್ ವ್ಯಾಪಾರದಲ್ಲಿ ಪಳಗಿದವನು.

ಹೊಸದಾಗಿ ಕೆಲಸಕ್ಕೆ ಸೇರಿದ ಪವಿತ್ರಾಳಿಗೆ ಅವನು ಹೇಳಿಕೊಟ್ಟ ಪಾಠ ಒಂದೇ...

"ಗಿರಾಕಿಗೆ 'ಬೇಕಾ' ಅಂತ ಕೇಳಬ್ಯಾಡವ್ವ, ಬೇಡ ಅಂದುಬಿಡ್ತಾರೆ. 'ಅರ್ಧ ಕೆಜಿ ಕೊಡ್ಲಾ, ಒಂದು ಕೆಜಿ ಕೊಡ್ಲಾ' ಅಂತ ಕೇಳು. ನಾವು ಹೆಂಗೆ ಕೇಳ್ತೀವೋ ಜನ ಹಂಗೇ ಉತ್ತರ ಕೊಡ್ತಾರೆ."

ಮಾತು ಸುಳ್ಳಾಗಲಿಲ್ಲ... ವ್ಯಾಪಾರ ಏರಿತು.

ಅವನ ಅಕ್ಕ ಶಿವಗಂಗಮ್ಮ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದಳು. ಅವನ ಮಕ್ಕಳನ್ನು ಎತ್ತಿ ಆಡಿಸಿದವಳು.

"ನಮ್ಮಕ್ಕನಿಗೆ ಯಾವ ಆಸೆನೂ ಇಲ್ಲ" ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ... ಹೆಮ್ಮೆಯಿಂದ.

ಒಂದು ಮಧ್ಯಾಹ್ನ, ಅವನು ಮರೆತು ಬಂದ ಫೋನ್ ಕೊಡಲು ಅಕ್ಕ ಮೊದಲ ಸಲ ಅಂಗಡಿಗೆ ಬಂದಳು. ಕೊಟ್ರೇಶ್ ಒಳಗೆ ಸಿಹಿ ಮಾಡುವ ಭಟ್ಟರ ಜೊತೆ ಮಾತಾಡುತ್ತಿದ್ದ.

ಯಾರೋ ಗಿರಾಕಿ ಎಂದುಕೊಂಡಳು ಪವಿತ್ರಾ. "ಬರ್ರಿ ಅಮ್ಮ, ಕುಂದ್ರಿ. ಬಾದಾಮಿ ಹಾಲು ಬಿಸಿದು ಕೊಡ್ಲಾ, ತಣ್ಣಂದು ಕೊಡ್ಲಾ?"

ಅಕ್ಕ ಒಂದು ಗಳಿಗೆ ತಡವರಿಸಿದಳು... "ಬಿಸೀದೇ ಕೊಡವ್ವ."

"ಜೊತೆಗೆ ಜಿಲೇಬಿ ಇಡ್ಲಾ, ಮೈಸೂರು ಪಾಕ್ ಇಡ್ಲಾ?"

"ಜಿಲೇಬಿ..."

ಕೊಟ್ರೇಶ್ ಹೊರಗೆ ಬಂದಾಗ ಅಕ್ಕ ಬೆರಳಿಗಂಟಿದ ಪಾಕ ಚೀಪುತ್ತಿದ್ದಳು. ತಮ್ಮನನ್ನು ಕಂಡವಳೇ ಕೈಯನ್ನು ಸೆರಗಿನೊಳಗೆ ಮರೆಮಾಡಿದಳು.

"ಅಕ್ಕಾ... ನಿನಗೆ ಸಿಹಿ ಸೇರಲ್ಲ ಅಂತಿದ್ದೆಯಲ್ಲ?"

"ನಾನು ಯಾವಾಗ ಅಂದೆನಪ್ಪಾ?" ಅಕ್ಕ ಮೆಲ್ಲಗೆ ಹೇಳಿದಳು. "'ಅಕ್ಕಾ, ನಿನಗೆ ಬೇಡ ಅಲ್ವಾ' ಅಂತ ನೀನೇ ಕೇಳ್ತಿದ್ದೆ. 'ನೀನು ಬರಲ್ಲ ಅಲ್ವಾ' ಅಂತ ಕೇಳಿ ಕಾರು ಹತ್ತುತ್ತಿದ್ದೆ. ಹಂಗೆ ಕೇಳಿದ ಮ್ಯಾಲೆ ಬೇಕು ಅನ್ನೋಕೆ ಬಾಯಿ ಬರಬೇಕಲ್ಲ..."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅದೇ ಅವನನ್ನು ಹೆಚ್ಚು ಚುಚ್ಚಿತು.

ಮಗಳ ಹುಟ್ಟುಹಬ್ಬದ ಕೇಕ್ ಹಂಚುವಾಗ... ಧರ್ಮಸ್ಥಳಕ್ಕೆ ಹೊರಟಾಗ... ಹಬ್ಬಕ್ಕೆ ಸೀರೆ ತರುವಾಗ... ಪ್ರತಿ ಸಲವೂ ಅದೇ ಪ್ರಶ್ನೆ.

ಗೊತ್ತಿಲ್ಲದೆ ಕೇಳಿದೆ ಎನ್ನಲು ಅವನ ಮನಸ್ಸು ಒಪ್ಪಲಿಲ್ಲ. ಅಕ್ಕ ಬೇಡ ಅಂದರೆ ಕಾರಿನಲ್ಲಿ ಜಾಗ ಸಾಲುತ್ತದೆ ಎಂಬುದು ಒಳಗೊಳಗೇ ಅವನಿಗೆ ಗೊತ್ತಿತ್ತು. ಗಿರಾಕಿಗಳಿಂದ 'ಬೇಕು' ಅನ್ನಿಸುವ ಜಾಣ, ಒಡಹುಟ್ಟಿದವಳಿಂದ 'ಬೇಡ' ಅನ್ನಿಸುತ್ತಾ ಬಂದಿದ್ದ.

ಪವಿತ್ರಾ ನೋಡುತ್ತಿದ್ದಂತೆಯೇ ಅವನು ಅಕ್ಕನ ಪಕ್ಕ ಕುಳಿತ. ಮುಖ ನೋಡಲು ಧೈರ್ಯ ಸಾಲದೆ ಅವಳ ಅಂಟು ಕೈ ಹಿಡಿದುಕೊಂಡ.

"ಅಕ್ಕಾ... ಈ ಸಲ ಎಲ್ಲಿಗೆ ಹೋಗಾಣ? ನೀನೇ ಹೇಳು."

ಅಕ್ಕ ಬಾಯಿ ತೆರೆದಳು... ಒಂದು ಊರಿನ ಹೆಸರೂ ಹೊಳೆಯಲಿಲ್ಲ. ಕಣ್ಣು ತುಂಬಿ ಬಂತು.

"ಸ್ವಲ್ಪ ಟೈಮ್ ಕೊಡಪ್ಪಾ... ನನ್ನ ಯಾರೂ ಹಿಂಗೆ ಕೇಳಿರ್ಲಿಲ್ಲ."



ನಮ್ಮವರು ಹೇಳುವ 'ಬೇಡ', ಎಷ್ಟೋ ಸಲ ನಮ್ಮ ಪ್ರಶ್ನೆಯಲ್ಲೇ ನಾವು ಇಟ್ಟುಕೊಟ್ಟ ಉತ್ತರ.

ನಿಮ್ಮ ಮನೆಯಲ್ಲಿ ಯಾವಾಗಲೂ 'ನನಗೇನೂ ಬೇಡ' ಎನ್ನುವವರು ಯಾರು... ಅವರನ್ನು ನೀವು ಹೇಗೆ ಕೇಳುತ್ತಿದ್ದೀರಿ?