ನಾಲ್ಕನೇ ದಿನದ ರಕ್ತ

ಮನೆಗಳಿಗೆ ಬಣ್ಣ ಬಳಿಯುವ ಫಕ್ಕೀರಪ್ಪ ಏಣಿಯಿಂದ ಬಿದ್ದು ನಾಲ್ಕು ದಿನವಾಗಿತ್ತು. ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲು ಅಲುಗಾಡುತ್ತಿರಲಿಲ್ಲ. ಸಂಶೋಧನೆ ಮಾಡುತ್ತಿದ್ದ ಯುವ ವೈದ್ಯೆಯೊಬ್ಬಳು ದಿನವೂ ಬಂದು ಅವನ ರಕ್ತ ತೆಗೆದುಕೊಂಡು ಹೋಗುತ್ತಿದ್ದಳು. ಹುರಿಗೆ ಬಿದ್ದ ಪೆಟ್ಟು ಜೋರಾಗಿದ್ದರೆ ಅಲ್ಲಿನ ಪ್ರೋಟೀನು ರಕ್ತದಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತದೆ ಎಂದು ಅವಳೇ ಅವನ ಹೆಂಡತಿ ಶೇಖವ್ವನಿಗೆ ತಿಳಿಸಿ ಹೇಳಿದ್ದಳು.

ಆ ಮಧ್ಯಾಹ್ನ ಶೇಖವ್ವ ಅವಳನ್ನು ವಾರ್ಡಿನ ಬಾಗಿಲಲ್ಲೇ ತಡೆದಳು.

"ರಕ್ತದಾಗ ಏನ್ ಬಂತ್ರಿ, ಡಾಕ್ಟರ್ ಬಾಯಾರ?"

"ಹೇಳಾಕ ಬರೂದಿಲ್ರಿ. ಈ ಪರೀಕ್ಷಾ ಇನ್ನೂ ಹೊಸಾದು. ಖಾತ್ರಿ ಆಗೂತನಕ ಪೇಶಂಟಿನ ಕಡೆಯವ್ರಿಗೆ ಹೇಳಬಾರದಂತ ನಿಯಮ ಐತಿ."

"ಅವ್ರು ನಿನ್ನಿಯಿಂದ ಊಟಾ ಬಿಟ್ಟಾರ. ಕಣ್ಣ ಮುಚ್ಚಿಕೊಂಡು ಮಲಗ್ಯಾರ, ನನ್ನ ಜೋಡಿನೂ ಮಾತಾಡವಲ್ರು. ಕೆಟ್ಟ ಸುದ್ದಿ ಇದ್ರೂ ಹೇಳ್ರಿ, ತಡಕೋತೀನಿ."

"ಹೇಳಿದ್ರ ನನ್ನ ಕೆಲಸಾ ಹೋಗ್ತೈತ್ರಿ, ಶೇಖವ್ವ."

ಶೇಖವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ದಾರಿ ಬಿಟ್ಟಳು. ವೈದ್ಯೆ ನಾಲ್ಕು ಹೆಜ್ಜೆ ಹೋದವಳು ನಿಂತಳು. ಅತ್ತಿತ್ತ ನೋಡಿ, ತಿರುಗಿ ಬಂದಳು.

"ಇವತ್ತ ಮನೀಗೆ ಹೋಗಿ ಬರ್ತೀರೇನು?"

"ಹೂನ್ರಿ, ಸಂಜಿ ಬಸ್ಸಿಗೆ. ಅವ್ರಿಗೆ ಹೊಚ್ಚಾಕ ಒಂದು ಚಾದರಾ ತರಬೇಕು. ಮತ್ತೇನರ ಬೇಕಾಗ್ತೈತೇನ್ರಿ?"

ವೈದ್ಯೆ ದನಿ ತಗ್ಗಿಸಿದಳು.

"ಅವರ ಚಪ್ಪಲಿ ತಗೊಂಡು ಬರ್ರಿ."